ಪೇಜ್ ತೆರೆದ ಕೂಡಲೇ ವಿಡಿಯೊ ಅರಚುತ್ತದೆ, ಎನ್‌ವಿಡಿಎ ಕೇಳಿಸುವುದೇ ಇಲ್ಲ

ಬಸವನಗುಡಿ_ಓದುಗ:
ತಲೆ ಕೆಟ್ಟುಹೋಗಿದೆ. ಪರದೆಯ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಪ್ರೋಗ್ರಾಂ ನಂಬಿ ಕಂಪ್ಯೂಟರ್ ಬಳಸುವವನು ನಾನು. ಊಟದ ಬಿಡುವಿನಲ್ಲಿ ಸುದ್ದಿ ಓದೋಣ ಅಂತ ಲಿಂಕ್ ಮೇಲೆ ಎಂಟರ್ ಒತ್ತುತ್ತೇನೆ. ಹೆಡ್ಡಿಂಗ್‌ಗೆ ಹೋಗಲು ಎಚ್ ಒತ್ತುವಷ್ಟರಲ್ಲಿ ಯಾವುದೋ ಮೂಲೆಯ ವಿಡಿಯೊದಲ್ಲಿ ಚಿನ್ನದಂಗಡಿ ಜಾಹೀರಾತು ಶುರು. ಎನ್‌ವಿಡಿಎ ಮಾತು ಒಂದಕ್ಷರ ಕೇಳಿಸಲ್ಲ. ಪಾಸ್ ಬಟನ್ ಹುಡುಕಬೇಕಾದರೂ ಆ ಮಾತೇ ಕೇಳಬೇಕಲ್ಲ! ಕೀಬೋರ್ಡಿನ ಮ್ಯೂಟ್ ಒತ್ತಿದರೆ ಎರಡೂ ಬಂದ್. ಯಾರಾದರೂ ದಾರಿ ಹೇಳಿ.

ವಿಜಯನಗರ_ಟೆಕ್:
ಆಡಿಯೊ ಡಕಿಂಗ್ ಹಾಕಿ ಸರ್. ಎನ್‌ವಿಡಿಎ ಕೀ, ಶಿಫ್ಟ್, ಡಿ. ಎನ್‌ವಿಡಿಎ ಮಾತಾಡುವಾಗ ಬೇರೆ ಸದ್ದು ತಗ್ಗುತ್ತದೆ.

ಬಸವನಗುಡಿ_ಓದುಗ:
ಸಪೋರ್ಟ್ ಇಲ್ಲ ಅನ್ನುತ್ತದೆ.

ವಿಜಯನಗರ_ಟೆಕ್:
ವಿಂಡೋಸ್ ಅಪ್‌ಡೇಟ್ ಮಾಡಿ, ಮತ್ತೆ ಒತ್ತಿ. ಡಕಿಂಗ್ ಆಗಲೇಬೇಕು.

ಬಸವನಗುಡಿ_ಓದುಗ:
ಮಾಡಿದೆ, ಅದೇ ಕಥೆ. ಆಫೀಸ್ ಲ್ಯಾಪ್‌ಟಾಪ್ ಇದು, ಏನೂ ಇನ್‌ಸ್ಟಾಲ್ ಮಾಡಲು ಬಿಡಲ್ಲ. ಪೆನ್‌ಡ್ರೈವ್‌ನಲ್ಲಿರುವ ಪೋರ್ಟಬಲ್ ಕಾಪಿ ಬಳಸುತ್ತಿದ್ದೇನೆ.

ಯಲಹಂಕ_ಶಾರದಾ:
ಇದನ್ನ ಮೊದಲೇ ಹೇಳಬಾರದಿತ್ತಾ? ಪೋರ್ಟಬಲ್ ಕಾಪಿಯಲ್ಲಿ ಡಕಿಂಗ್ ಬರಲ್ಲ. ಬ್ರೌಸರ್ ಯಾವುದು? ಫೈರ್‌ಫಾಕ್ಸ್ ಆದರೆ ಕಂಟ್ರೋಲ್ ಎಂ ಒತ್ತಿ, ಆ ಟ್ಯಾಬ್ ಮಾತ್ರ ಮ್ಯೂಟ್ ಆಗುತ್ತದೆ.

ಬಸವನಗುಡಿ_ಓದುಗ:
ಕ್ರೋಮ್ ಮೇಡಂ.

ಹನುಮಂತನಗರ_77:
ಸದ್ದಿನ ವಿಡಿಯೊ ತಾನಾಗಿ ಓಡುವುದಕ್ಕೆ (ಆಟೋಪ್ಲೇ) ತಡೆ ಕ್ರೋಮ್ 66ರಲ್ಲೇ ಬಂತಲ್ಲ?

ವಿಜಯನಗರ_ಟೆಕ್:
ಅದು ಫೈರ್‌ಫಾಕ್ಸ್ 66 ಕಣ್ರೀ.

ಯಲಹಂಕ_ಶಾರದಾ:
ಇಬ್ಬರೂ ಸರಿ. ಕ್ರೋಮ್ 66 ಬಂದದ್ದು 2018ರಲ್ಲಿ, ಫೈರ್‌ಫಾಕ್ಸ್ 66 ಮರುವರ್ಷ. ಜಗಳ ಬಿಡಿ. ಕ್ರೋಮ್‌ನ ತಡೆ ಅರ್ಧಂಬರ್ಧ. ಒಂದು ಸೈಟಿನಲ್ಲಿ ನೀವು ಏನಾದರೂ ಕ್ಲಿಕ್ ಮಾಡಿದರೆ, ಆಮೇಲೆ ಅಲ್ಲಿನ ವಿಡಿಯೊ ಸದ್ದು ಮಾಡಬಹುದು ಅಂತ ಅದರ ಲೆಕ್ಕ. ಮುಖಪುಟದ ಲಿಂಕ್ ಮೇಲೆ ಎಂಟರ್ ಒತ್ತಿದ್ದೂ ಸೇರುತ್ತದೆ. ಲಿಂಕ್ ಒತ್ತದೆ ಸುದ್ದಿ ಓದುವುದು ಹೇಗೆ? ನನಗೆ ಸಿಟ್ಟು ಬರುವುದು ಇಲ್ಲೇ.
ಹೀಗೆ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ಸೌಂಡ್. ಸೈಟ್‌ಗಳ ಸದ್ದು ಬೇಡ ಅನ್ನುವ ಆಯ್ಕೆ ಒತ್ತಿ. ವಿಡಿಯೊ ಓಡುತ್ತದೆ, ಬಾಯಿ ಮಾತ್ರ ಬಂದ್. ಎನ್‌ವಿಡಿಎ ಬೇರೆ ಪ್ರೋಗ್ರಾಂ, ಅದಕ್ಕೆ ಏನೂ ಆಗಲ್ಲ.

ವಿಜಯನಗರ_ಟೆಕ್:
ನನ್ನ ಮನೆಯ ಸೆಟಪ್‌ನಲ್ಲಿ ಈ ತಲೆನೋವೇ ಇಲ್ಲ. ಎನ್‌ವಿಡಿಎ 2024.2ರಲ್ಲಿ ಬಂದ ಸೌಂಡ್ ಸ್ಪ್ಲಿಟ್ ಹಾಕಿದ್ದೇನೆ. ಎಡಗಿವಿಗೆ ಎನ್‌ವಿಡಿಎ, ಬಲಗಿವಿಗೆ ಉಳಿದದ್ದೆಲ್ಲ. ಮೇಲೆ ಬೋನ್ ಕಂಡಕ್ಷನ್ ಹೆಡ್‌ಫೋನ್, ಅಂದರೆ ಕಿವಿ ಮುಚ್ಚದೆ ಮೂಳೆಯ ಮೂಲಕ ಕೇಳಿಸುವಂಥದ್ದು. ಎನ್‌ವಿಡಿಎಗೆ ಹಾಕಿರುವ ಈಸ್ಪೀಕ್ ಅನ್ನುವ ಕನ್ನಡ ಧ್ವನಿಯನ್ನ ಫುಲ್ ಸ್ಪೀಡಲ್ಲಿ ಕೇಳುತ್ತೇನೆ.

ಹನುಮಂತನಗರ_77:
ಈಸ್ಪೀಕ್ ಕನ್ನಡ ತಗಡು ಬಡಿದ ಹಾಗಿರುತ್ತಲ್ಲ, ಹೇಗೆ ಕೇಳುತ್ತೀರಿ?

ವಿಜಯನಗರ_ಟೆಕ್:
ಸ್ಪೀಡ್ ಏರಿಸಿದಾಗ ಅದರಷ್ಟು ಸ್ಪಷ್ಟ ಬೇರೆ ಯಾವುದೂ ಇಲ್ಲ. ಅಭ್ಯಾಸ ಮಾಡಿ ನೋಡಿ.

ಬಸವನಗುಡಿ_ಓದುಗ:
ಮೇಡಂ, ಜಾಹೀರಾತು ನಿಂತಿತು! ಇವತ್ತು ಒಂದು ಸುದ್ದಿ ಕೊನೆವರೆಗೂ ಓದಿದೆ. ಆದರೆ ಈಗ ಆಫೀಸ್ ಮೀಟಿಂಗ್ ಟ್ಯಾಬೂ ಮೂಕ.

ಯಲಹಂಕ_ಶಾರದಾ:
ಅದೇ ಸೌಂಡ್ ಪುಟದ ಕೆಳಗೆ ಸದ್ದಿಗೆ ಅನುಮತಿ ಇರುವ ಸೈಟ್‌ಗಳ ಪಟ್ಟಿ ಇದೆ. ಆ್ಯಡ್ ಒತ್ತಿ ಮೀಟಿಂಗ್ ಸೈಟಿನ ವಿಳಾಸ ಹಾಕಿ, ಟ್ಯಾಬ್ ರಿಫ್ರೆಶ್ ಮಾಡಿ.

ಕೆಂಗೇರಿ_ಹೊಸಬ:
ಮೊಬೈಲ್‌ನಲ್ಲಿ ಟಾಕ್‌ಬ್ಯಾಕ್ (ಆಂಡ್ರಾಯ್ಡ್‌ನ ಪರದೆ ಓದುವ ಪ್ರೋಗ್ರಾಂ) ಬಳಸುವವರು ಏನು ಮಾಡಬೇಕು?

ಯಲಹಂಕ_ಶಾರದಾ:
ಆಂಡ್ರಾಯ್ಡ್ ಕ್ರೋಮ್‌ನಲ್ಲೂ ಸೈಟ್ ಸೆಟ್ಟಿಂಗ್ಸ್ ಒಳಗೆ ಸೌಂಡ್ ಇದೆ. ಅಲ್ಲೂ ಸಿಗದಿದ್ದರೆ ಫೋನ್ ಯಾವುದು, ಕ್ರೋಮ್ ವರ್ಷನ್ ಎಷ್ಟು ಅಂತ ಬರೆದು ಬೇರೆ ಥ್ರೆಡ್ ಹಾಕಿ.