ಪಾಮ್ ಎಣ್ಣೆ ಸುಂಕ ಇಳಿಸಿದರೆ ಶೇಂಗಾ ರೇಟ್ ಬೀಳುತ್ತದಾ?

ರೋಣದ ಮಸಾರಿ:
ಗದಗ ಎಪಿಎಂಸಿಗೆ ಶೇಂಗಾ ಒಯ್ದಾಗಲೆಲ್ಲ ಒಂದೇ ಮಾತು: "ಹೊರಗಿನ ಎಣ್ಣೆ ಸುಂಕ ಇಳಿಸ್ಯಾರ, ರೇಟ್ ಇಲ್ಲ." ಇದು ಖರೇನಾ, ಸುಮ್ನೆ ದಲಾಲರ ನೆಪಾನಾ? ಬೇರೆ ಬಡ ದೇಶಗಳಲ್ಲೂ ಹೀಗೇ ಆಗಿದೆಯಾ?

ಧಾರವಾಡ ಪೇಟೆ:
ಅರ್ಧ ಖರೆ ರೀ. ಶೇಂಗಾ ತಿನ್ನಲಿಕ್ಕೂ ಹೋಗುತ್ತದೆ, ಎಕ್ಸ್‌ಪೋರ್ಟೂ ಆಗುತ್ತದೆ, ಹಾಗಾಗಿ ಎಲ್ಲದಕ್ಕೂ ಪಾಮ್ ಎಣ್ಣೆಯನ್ನೇ ಬೈಯುವಂತಿಲ್ಲ. ಆದರೆ ಎಣ್ಣೆಕಾಳು ಬೆಳೆ ಹೆಚ್ಚಿಸಲು ಕೇಂದ್ರ ಸರ್ಕಾರ 1986ರಲ್ಲಿ ಮಾಡಿದ ಮಿಷನ್ ಆದ ಮೇಲೆ, 90ರ ದಶಕದ ಶುರುವಿನಲ್ಲಿ ನಮ್ಮ ಎಣ್ಣೆ ಹೆಚ್ಚುಕಡಿಮೆ ನಮಗೇ ಸಾಲುತ್ತಿತ್ತು. 1994ರಲ್ಲಿ ಪಾಮೋಲಿನ್ (ಅಡುಗೆಯ ಪಾಮ್ ಎಣ್ಣೆ) ಆಮದಿಗೆ ಬಾಗಿಲು ತೆಗೆದರು. ಆಗ ಸುಂಕ ಶೇ. 65, 1998ರ ಹೊತ್ತಿಗೆ ಶೇ. 15. ಈಗ ನಾವು ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನದು. ಡಬ್ಲ್ಯುಟಿಒ (ವಿಶ್ವ ವ್ಯಾಪಾರ ಸಂಸ್ಥೆ) ಮೇಲೆ ಹಾಕಿ ಕೈತೊಳೆದುಕೊಳ್ಳುವ ಹಾಗೂ ಇಲ್ಲ, ಪಾಮ್ ಎಣ್ಣೆಗೆ ಶೇ. 300ರವರೆಗೂ ಸುಂಕ ಹಾಕಲು ಅದು ನಮಗೆ ಬಿಟ್ಟಿದೆ. ಇಳಿಸುವವರು ದಿಲ್ಲಿಯವರೇ. 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ಪಾಮ್ ಎಣ್ಣೆಯ ಮೂಲ ಸುಂಕ ಶೇ. 20 ಮಾಡಿದರು, 2025ರ ಮೇ ಕೊನೆಗೆ ಇಳಿಸಿ ಶೇ. 10 ಮಾಡಿದರು. ಅದೂ ಮುಂಗಾರಿ ಬಿತ್ತನೆ ಹೊತ್ತಿಗೆ!

ಹಾವೇರಿ ಓದುಗ:
ಬೇರೆ ದೇಶ ಅಂದರೆ ಹೈಟಿ ನೋಡಿ. 1990ರ ದಶಕದ ನಡುವೆ ಅಕ್ಕಿ ಸುಂಕ ಶೇ. 50 ಇದ್ದದ್ದು ಶೇ. 3ಕ್ಕೆ ಇಳಿಯಿತು. ಅಮೆರಿಕದ ಅಕ್ಕಿ ಬಂತು, ಅಲ್ಲಿನ ಬೆಳೆಗಾರರಿಗೆ ಅವರ ಸರ್ಕಾರದ ಸಬ್ಸಿಡಿ ಬೇರೆ. ಹೈಟಿಯ ರೈತ ಸೋತು ಭತ್ತ ಬಿಟ್ಟ. ಮೊದಮೊದಲು ಪೇಟೆಯವರಿಗೆ ಅಗ್ಗದ ಅನ್ನ ಸಿಕ್ಕಿತು ನಿಜ, ಆದರೆ 2008ರಲ್ಲಿ ಜಗತ್ತಿನಲ್ಲೆಲ್ಲ ಅಕ್ಕಿ ತುಟ್ಟಿಯಾದಾಗ ಊರಲ್ಲಿ ಬೆಳೆಯುವವರು ಕಡಿಮೆಯಾಗಿದ್ದರು, ಜನ ಬೀದಿಗೆ ಇಳಿದರು, ಪ್ರಧಾನಿಯ ಕುರ್ಚಿಯೇ ಹೋಯಿತು. ಸುಂಕ ಇಳಿದಾಗ ಅಮೆರಿಕದ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ 2010ರಲ್ಲಿ ಆ ನೀತಿ ತಪ್ಪಾಯಿತು ಅಂತ ಒಪ್ಪಿಕೊಂಡರು. ಯಾರಿಗೆ ಏನು ಬಂತು ಅದರಿಂದ?

ಹಳೇ ಹುಬ್ಬಳ್ಳಿ:
ಅಲ್ರೀ, ಎಣ್ಣೆ ಕೊಳ್ಳುವ ಕೂಲಿಯವರ ಮಾತು ಯಾರೂ ಎತ್ತಲಿಲ್ಲವಲ್ಲ? ಹೊಲ ಇಲ್ಲದವರು, ಮಿರ್ಚಿ ಭಜಿ ಗಾಡಿಯವರು, ಇವರೂ ಬಡವರೇ. ಇನ್ನೊಂದು, 2023ರ ಡಿಸೆಂಬರ್‌ನಲ್ಲಿ ಉಳ್ಳಾಗಡ್ಡಿ ರಫ್ತು ಬಂದ್ ಮಾಡಿ ಮೇ ತನಕ ತೆಗೆಯಲೇ ಇಲ್ಲ. ಬೆಳೆದವರು ಆಗ "ಬಾಗಿಲು ತೆಗೆಯಿರಿ" ಅಂದರು. ಎಣ್ಣೆಗೆ ಮುಚ್ಚಿ, ಉಳ್ಳಾಗಡ್ಡಿಗೆ ತೆಗೆಯಿರಿ ಅಂದರೆ ಹೆಂಗೆ?

ರೋಣದ ಮಸಾರಿ:
ಹೆಂಗೆ ಅಂದರೆ ಹಂಗೇ ರೀ. ಅಮೆರಿಕದವರು ಸಬ್ಸಿಡಿ ಕೊಟ್ಟುಕೊಂಡು ಅದನ್ನೇ ಮಾಡುತ್ತಾರೆ, ಅಲ್ವಾ? ಕೂಲಿಯವರಿಗೆ ರೇಶನ್‌ನಲ್ಲಿ ಎಣ್ಣೆ ಕೊಡಲಿ, ನಾನು ಬೇಡ ಅನ್ನುವುದಿಲ್ಲ. ನಮ್ಮದು ಇಷ್ಟೇ, ಸುಂಕ ಎಷ್ಟು ಅಂತ ಬಿತ್ತುವ ಮೊದಲೇ ಹೇಳಿ, ರಾಶಿ ಮುಗಿಯುವವರೆಗೆ ಮುಟ್ಟಬೇಡಿ. ಧಾರವಾಡದ ಅಣ್ಣಾರ, ಬೆಂಬಲ ಬೆಲೆ ಖರೀದಿ ಕೇಂದ್ರ ಈ ಸಲ ಯಾವಾಗ ತೆರೆಯುತ್ತಾರೆ, ಏನಾದರೂ ಸುದ್ದಿ ಇದೆಯಾ?