ಪದಚರ್ಚೆ: ‘ದೀನತೆ’ಯೋ ‘ತಗ್ಗಿಸಿಕೊಳ್ಳುವುದೋ’? ಕಷ್ಟಾನುಭವದ ಧ್ಯಾನಕ್ಕೆ ಒದಗುವ ಪದದ ಬಗ್ಗೆ

ಬಳಗದ ಹಿರಿಯರಿಗೂ ಗೆಳೆಯರಿಗೂ ಬೀದರಿನಿಂದ ನಮಸ್ಕಾರಗಳು.

ಈಸ್ಟರಿಗೆ ಮುಂಚಿನ ಉಪವಾಸಕಾಲವಾದ ಲೆಂಟ್ ದಿನಗಳ ಮನೆಕೂಟಗಳಲ್ಲಿ ಓದಿಕೊಳ್ಳಲೆಂದು ನಮ್ಮ ಕ್ರೈಸ್ತ ಸಭೆಗಾಗಿ ಒಂದು ಸಣ್ಣ ಧ್ಯಾನಪುಸ್ತಿಕೆಯನ್ನು ಬರೆಯುತ್ತಿದ್ದೇನೆ. ಕಷ್ಟವನ್ನು ಅನುಭವಿಸಿದವರಲ್ಲಿ, ದೇವರ ಮುಂದೆ ತಗ್ಗಿದವರಲ್ಲಿ, ಕ್ರಿಸ್ತನ ಮೇಲಿನ ವಿಶ್ವಾಸವು ಹೇಗೆ ಬೇರೂರುತ್ತದೆ ಎಂಬುದು ಅದರ ವಿಷಯ. ಈ ಬರವಣಿಗೆಯಲ್ಲಿ ‘ದೀನತೆ’ ಎಂಬ ಪದವು ನನ್ನನ್ನು ಮತ್ತೆ ಮತ್ತೆ ತಡೆದು ನಿಲ್ಲಿಸುತ್ತಿರುವುದರಿಂದ, ನಿಮ್ಮ ಅಭಿಪ್ರಾಯವನ್ನು ಕೇಳುತ್ತಿದ್ದೇನೆ.

ದಿನಬಳಕೆಯ ಕನ್ನಡದಲ್ಲಿ ‘ದೀನ’ ಎಂದರೆ ದಿಕ್ಕಿಲ್ಲದವನು, ಕಂಗೆಟ್ಟವನು. ‘ದೀನಸ್ವರ’, ‘ದೀನದಲಿತರು’, ‘ದೀನನಾಗಿ ಬೇಡಿಕೊಂಡನು’ ಎಂಬ ಯಾವ ಪ್ರಯೋಗದಲ್ಲಿಯೂ ಅದು ಒಂದು ಗುಣವಲ್ಲ, ಒದಗಿಬಂದ ಸ್ಥಿತಿ. ‘ದೈನ್ಯ’ವಂತೂ ಕನಿಕರ ಹುಟ್ಟಿಸುವ ಸ್ಥಿತಿಯೇ. ಆದರೆ ಸತ್ಯವೇದದ, ಅಂದರೆ ಬೈಬಲಿನ, ಕನ್ನಡದಲ್ಲಿ ಕ್ರಿಸ್ತನು ತನ್ನನ್ನೇ ‘ಸಾತ್ವಿಕನೂ ದೀನಮನಸ್ಸುಳ್ಳವನೂ’ ಎಂದು ಹೇಳಿಕೊಳ್ಳುತ್ತಾನೆ (ಮತ್ತಾಯ 11:29). ಪೌಲನು ಸೆರೆಯಲ್ಲಿದ್ದುಕೊಂಡು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯಲ್ಲಿ, ಮತ್ತೊಬ್ಬರನ್ನು ತನಗಿಂತ ಶ್ರೇಷ್ಠರೆಂದು ‘ದೀನಭಾವ’ದಿಂದ ಎಣಿಸಬೇಕೆಂದು ಬೋಧಿಸುತ್ತಾನೆ. ಇಲ್ಲಿ ಅದು ಬೇಡಿ ಪಡೆಯಬೇಕಾದ ಸದ್ಗುಣ.

ಅನುವಾದಕರು ಈ ಪದವನ್ನು ಆರಿಸಿದ್ದಕ್ಕೆ ಬಲವಾದ ಕಾರಣವಿದೆ. ಮೂಲ ಗ್ರೀಕಿನ ‘ತಪೇನೊಸ್’ ಎಂಬ ಪದವೂ ಹಿಂದೆ ತಗ್ಗಿನಲ್ಲಿರುವುದು, ಕೀಳಾದದ್ದು, ಆಳುತನದ್ದು ಎಂಬ ಅರ್ಥದಲ್ಲಿಯೇ ಹೆಚ್ಚಾಗಿ ಬಳಕೆಯಲ್ಲಿತ್ತು. ಅದನ್ನು ಮೆಚ್ಚತಕ್ಕ ಗುಣವನ್ನಾಗಿ ಎತ್ತಿ ಹಿಡಿದವರಲ್ಲಿ ಮೊದಲ ಕಾಲದ ಕ್ರೈಸ್ತರು ಮುಖ್ಯರು. ಲೂಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿರುವ ಮರಿಯಳ ಹಾಡಿನಲ್ಲಿ ದೇವರು ಕಣ್ಣೆತ್ತಿ ನೋಡಿದ್ದು ತನ್ನ ದಾಸಿಯ ದೀನಸ್ಥಿತಿಯನ್ನು. ಅಲ್ಲಿಯೂ ಅದೇ ಮೂಲದ ಪದವಿದೆ, ಅರ್ಥ ಮಾತ್ರ ಗುಣದ್ದಲ್ಲ, ಬಡತನದ್ದು, ಕಡೆಗಣಿಸಲ್ಪಟ್ಟ ಬಾಳಿನದು. ಹೀಗೆ ಸ್ಥಿತಿಗೂ ಗುಣಕ್ಕೂ ಗ್ರೀಕಿನಲ್ಲಿ ಒಂದೇ ಪದಕುಟುಂಬವಿರುವಾಗ, ಕನ್ನಡದ ‘ದೀನ’ವೂ ಎರಡನ್ನೂ ಹೊತ್ತುಕೊಂಡರೆ ತಪ್ಪೇನಿದೆ ಎಂದು ಯಾರಾದರೂ ಕೇಳಬಹುದು.

ನನ್ನ ತೊಡಕು ನಿಘಂಟಿನದಲ್ಲ, ಊರಿನದು. ಬೀದರ ಸೀಮೆಯ ಮೆಥೋಡಿಸ್ಟ್ ಸಭೆಗಳಲ್ಲಿ ಕುಳಿತು ಕೇಳುವವರಲ್ಲಿ ಬಹುಮಂದಿಯ ಹಿರಿಯರು, ನಿಜಾಮರ ಆಳ್ವಿಕೆಯ ಕಾಲದಲ್ಲಿ, ಊರ ಹೊರಗಿನ ಕೇರಿಗಳಿಂದ ಬಂದು ದೀಕ್ಷಾಸ್ನಾನ ಪಡೆದವರು. ‘ತಗ್ಗಿ ಬಗ್ಗಿ ನಡೀರಿ’ ಎಂಬ ಮಾತನ್ನು ಅವರು ತಲೆತಲಾಂತರದಿಂದ ಕೇಳಿದ್ದು ಧರ್ಮಬೋಧೆಯಾಗಿ ಅಲ್ಲ, ಗೌಡರ ಮನೆಯ ಅಂಗಳದಲ್ಲಿ, ಅಪ್ಪಣೆಯಾಗಿ. ಹಾಗೆ ಬಗ್ಗಿಸಲ್ಪಟ್ಟವರ ಮುಂದೆ ನಿಂತು ‘ದೀನರಾಗಿರಿ’ ಎಂದು ಹೇಳಿದರೆ, ಹಳೆಯ ಅಪ್ಪಣೆಗೇ ದೇವರ ಮುದ್ರೆ ಒತ್ತಿದಂತೆ ಕೇಳಿಸುತ್ತದೆ. ಕಷ್ಟವನ್ನು ಕುರಿತ ಬೋಧೆಗೂ ಇದೇ ಅಪಾಯವಿದೆ. ಗಂಡನ ಹೊಡೆತವನ್ನು ಸಹಿಸುತ್ತಿರುವ ಹೆಂಗಸಿಗೆ, ಸಾಲದಲ್ಲಿ ಸಿಕ್ಕ ರೈತನಿಗೆ, ‘ಇದು ನಿನ್ನ ಶಿಲುಬೆ, ಹೊತ್ತುಕೋ’ ಎಂದು ಹೇಳಿಬಿಡುವುದು ಬಹಳ ಸುಲಭ, ಮತ್ತು ನನ್ನ ತಿಳಿವಳಿಕೆಯಲ್ಲಿ ಅದು ಸುವಾರ್ತೆಗೆ ವಿರುದ್ಧ.

ಇಲ್ಲಿ ಕನ್ನಡದ ವ್ಯಾಕರಣವೇ ನೆರವಿಗೆ ಬರುತ್ತದೆ ಎಂಬುದು ನನ್ನ ಎಣಿಕೆ. ‘ತಗ್ಗು’, ‘ತಗ್ಗಿಸು’, ‘ತಗ್ಗಿಸಿಕೊಳ್ಳು’, ‘ತಗ್ಗಿಸಲ್ಪಡು’ ಎಂಬ ನಾಲ್ಕು ರೂಪಗಳಲ್ಲಿ ಮಾಡುವವರು ಯಾರು, ಯಾರಿಗೆ ಎಂಬುದು ಸ್ಪಷ್ಟವಾಗಿ ಬೇರೆಯಾಗುತ್ತದೆ. ತನ್ನನ್ನು ಹೆಚ್ಚಿಸಿಕೊಳ್ಳುವವನು ತಗ್ಗಿಸಲ್ಪಡುವನು, ತನ್ನನ್ನು ತಗ್ಗಿಸಿಕೊಳ್ಳುವವನು ಹೆಚ್ಚಿಸಲ್ಪಡುವನು ಎಂಬ ಲೂಕ 18:14ರ ಮಾತಿನಲ್ಲಿ ಸ್ವಂತ ಇಚ್ಛೆಯದೂ ಪರರಿಂದ ಬಂದದ್ದೂ ಒಂದೇ ವಾಕ್ಯದಲ್ಲಿ ಎದುರುಬದುರಾಗಿ ನಿಂತಿವೆ. ಫಿಲಿಪ್ಪಿ 2:8ರಲ್ಲಿ ಕ್ರಿಸ್ತನು ‘ತನ್ನನ್ನು ತಗ್ಗಿಸಿಕೊಂಡು’ ಶಿಲುಬೆಯ ಮರಣದವರೆಗೂ ವಿಧೇಯನಾದನು. ರೋಮನ್ನರು ಆತನನ್ನು ಅವಮಾನಿಸಿದ್ದು ನಿಜ, ಆದರೆ ವಾಕ್ಯದ ಕರ್ತೃ ಅವರ ಅಧಿಪತಿಯಾದ ಪಿಲಾತನಲ್ಲ, ಸೈನಿಕರಲ್ಲ. ‘ಕೊಳ್ಳು’ ಎಂಬ ಆ ಸಹಾಯಕ ಕ್ರಿಯಾಪದವು ಇಡೀ ಸಂಗತಿಯನ್ನು ಆತನ ಸ್ವಂತ ಕೈಗೆ ಒಪ್ಪಿಸುತ್ತದೆ.

ಭಾಲ್ಕಿ ಕಡೆಯ ಒಂದು ಹಳ್ಳಿಯ ಮನೆಕೂಟದಲ್ಲಿ, ತೊಗರಿ ಹೊಲಗಳಲ್ಲಿ ಕೂಲಿ ಮಾಡಿಯೇ ಮಕ್ಕಳನ್ನು ಸಾಕಿದ ವಿಧವೆಯೊಬ್ಬರು ಪ್ರಾರ್ಥಿಸಿದ್ದನ್ನು ನಾನು ಕೇಳಿದ್ದೇನೆ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ನೆಲಕ್ಕೆ ಅಂಗೈಯೂರಿ, ಅವರು ಹೇಳಿದ್ದು ಇಷ್ಟೇ: ‘ಯಪ್ಪಾ, ಮಂದಿ ನನಗ ಭಾಳ ತಗ್ಗಿಸ್ಯಾರ. ನಿನ್ನ ಮುಂದ ನಾ ನಾನಾಗೇ ತಗ್ಗೀನಿ.’ ಆ ಅಮ್ಮ ಶಾಲೆಗೆ ಹೋದವರಲ್ಲ. ‘ತಗ್ಗಿಸ್ಯಾರ’ ಮತ್ತು ‘ನಾನಾಗೇ ತಗ್ಗೀನಿ’ ಎಂಬ ಎರಡು ಮಾತುಗಳ ನಡುವೆ ಅವರು ಎಳೆದ ಗೆರೆಯನ್ನು ನಾನು ಯಾವ ಬೋಧಕರ ಪ್ರಸಂಗದಲ್ಲಿಯೂ ಅಷ್ಟು ಸ್ಪಷ್ಟವಾಗಿ ಕೇಳಿಲ್ಲ. ಮಂದಿ ಮಾಡಿದ್ದನ್ನು ಅವರು ದೇವರ ಚಿತ್ತವೆಂದು ಕರೆಯಲಿಲ್ಲ. ತಮ್ಮ ತಗ್ಗುವಿಕೆಯನ್ನು ಮಂದಿಗೆ ಒಪ್ಪಿಸಲೂ ಇಲ್ಲ. ಅವರ ವಿಶ್ವಾಸದ ಬಲವೆಲ್ಲ ಆ ‘ನಾನಾಗೇ’ ಎಂಬುದರಲ್ಲಿಯೇ ಇದೆ ಎಂದು ನಾನು ತಿಳಿದಿದ್ದೇನೆ.

ಕಷ್ಟವನ್ನು ಸೂಚಿಸುವ ಪದಗಳಲ್ಲಿ ತೊಡಕು ಕಡಿಮೆ, ಆದರೂ ಇದೆ. ಸತ್ಯವೇದದ ‘ಉಪದ್ರವ’ವು ಇಂದಿನ ಕಿವಿಗೆ ಬರಿಯ ಕಿರಿಕಿರಿಯಂತೆ ಕೇಳಿಸುತ್ತದೆ. ‘ಶ್ರಮೆ’ ಎಂದರೆ ಹೊರಗಿನವರಿಗೆ ದುಡಿಮೆ. ತೆಲುಗು ಕೀರ್ತನೆಗಳನ್ನೂ ಹಾಡುವ ನಮ್ಮ ಗಡಿಸೀಮೆಯವರಿಗೆ ಮಾತ್ರ ಅದು ಸಂಕಟವೆಂದು ತಟ್ಟನೆ ಹೊಳೆಯುತ್ತದೆ. ನಮ್ಮ ಮಂದಿ ಪ್ರಾರ್ಥನೆಯಲ್ಲಿ ಆಡುವುದು ‘ತ್ರಾಸ’, ‘ತಕಲೀಫು’. ಶರೀರದಲ್ಲಿ ನಾಟಿದ ಶೂಲವನ್ನು ತೆಗೆದುಬಿಡೆಂದು ಪೌಲನು ಮೂರು ಸಾರಿ ಬೇಡಿಕೊಂಡನೆಂಬುದನ್ನು (2 ಕೊರಿಂಥ 12) ವಿವರಿಸುವಾಗ ನಾನು ‘ತ್ರಾಸ’ವನ್ನೇ ಉಳಿಸಿಕೊಂಡಿದ್ದೇನೆ. ಪೌಲನು ಆ ನೋವನ್ನು ಮೊದಲಿಗೇ ಒಪ್ಪಿಕೊಳ್ಳಲಿಲ್ಲ, ಹೋಗಲೆಂದು ಬೇಡಿದನು ಎಂಬುದು ಓದುಗರಿಗೆ ತಿಳಿಯಬೇಕು. ಕೃಪೆಯೇ ಸಾಕೆಂಬ ಉತ್ತರ ಬಂದದ್ದು ಬೇಡಿದ ಮೇಲೆ.

ಇನ್ನು ನಾಮಪದದ ಪ್ರಶ್ನೆ. ‘ತಗ್ಗಿಸಿಕೊಳ್ಳುವಿಕೆ’ ಎಂಬುದು ಬಾಯಲ್ಲಿ ಹೊರಳುವುದಿಲ್ಲ. ‘ನಮ್ರತೆ’, ‘ವಿನಯ’ಗಳು ಸಭ್ಯ ನಡವಳಿಕೆಯ ಪದಗಳು, ಕಣ್ಣೀರಿನ ಭಾರ ಅವುಗಳಿಗಿಲ್ಲ. 51ನೆಯ ಕೀರ್ತನೆಯ ‘ಕುಗ್ಗಿದ ಮನಸ್ಸು’ ಹತ್ತಿರ ಬರುತ್ತದೆ, ಆದರೆ ಅಲ್ಲಿಯದು ಪಶ್ಚಾತ್ತಾಪ. ಬಸವಕಲ್ಯಾಣವಿರುವ ಜಿಲ್ಲೆಯಲ್ಲಿ ಕುಳಿತು ಯೋಚಿಸುವಾಗ ಶರಣರ ಪಂಚಾಚಾರಗಳಲ್ಲಿ ಒಂದಾದ, ಸೇವಕನಂತೆ ನಡೆದುಕೊಳ್ಳುವ ‘ಭೃತ್ಯಾಚಾರ’ವೂ, ‘ಎನಗಿಂತ ಕಿರಿಯರಿಲ್ಲ’ ಎಂಬ ಬಸವಣ್ಣನವರ ಮಾತೂ ನೆನಪಾಗದೆ ಇರುವುದಿಲ್ಲ. ಬಿಜ್ಜಳನ ಆಸ್ಥಾನದಲ್ಲಿ ಅಧಿಕಾರವಿದ್ದವರು ತಾವಾಗಿ ಕಿರಿಯರಾದದ್ದು ಅದು. ದಾಸನ ರೂಪವನ್ನು ಧರಿಸಿಕೊಂಡ ಕ್ರಿಸ್ತನನ್ನು ವರ್ಣಿಸಲು ‘ಕಿಂಕರಭಾವ’, ಅಂದರೆ ಸೇವಕಭಾವ, ಎಂಬ ಪದವು ಒದಗಬಲ್ಲದೆಂದು ನನಗೆ ತೋರುತ್ತದೆ. ಆದರೆ ಒಂದು ಪರಂಪರೆಯವರು ಬಾಳಿ ತೋರಿಸಿದ ಪದವನ್ನು ನನ್ನ ಅನುಕೂಲಕ್ಕಾಗಿ ಎತ್ತಿಕೊಳ್ಳಲು ಮನಸ್ಸು ಹಿಂಜರಿಯುತ್ತದೆ.

ಆದ್ದರಿಂದ ಬಳಗವನ್ನು ಕೇಳುವುದು ಇದು. ಕ್ರೈಸ್ತ ಬರಹಗಳ ಹೊರಗೆ ‘ದೀನತೆ’ಯನ್ನು ಸ್ಥಿತಿಯಾಗಿ ಅಲ್ಲದೆ ಗುಣವಾಗಿ ಬಳಸಿರುವ ಪ್ರಯೋಗಗಳನ್ನು, ಹಳೆಯದಾಗಲಿ ಹೊಸದಾಗಲಿ, ನೀವು ಕಂಡಿದ್ದೀರಾ? ‘ತಾನಾಗಿ ತಗ್ಗುವುದು’ ಎಂಬುದಕ್ಕೆ ನಿಮ್ಮ ನಿಮ್ಮ ಸೀಮೆಯ ಆಡುಮಾತಿನಲ್ಲಿ, ಅವಮಾನದ ಸೋಂಕಿಲ್ಲದ ನಾಮಪದವೊಂದು ಇದೆಯೇ? ‘ಕಿಂಕರಭಾವ’ವನ್ನು ಶಿಲುಬೆಯ ಧ್ಯಾನದಲ್ಲಿ ಬಳಸಿದರೆ ವಚನಗಳನ್ನು ಬಲ್ಲವರ ಕಿವಿಗೆ ಅದು ಹೇಗೆ ಕೇಳಿಸುತ್ತದೆ? ಸದ್ಯಕ್ಕೆ ನಾನು ನಾಮಪದವನ್ನು ಬಿಟ್ಟು, ಬರೆಯುವಲ್ಲೆಲ್ಲ ‘ತನ್ನನ್ನು ತಗ್ಗಿಸಿಕೊಂಡನು’, ‘ತಾವಾಗಿ ತಗ್ಗಿದರು’ ಎಂದು ಕ್ರಿಯಾಪದಗಳಲ್ಲಿಯೇ ಸಾಗುತ್ತಿದ್ದೇನೆ. ಪುಸ್ತಿಕೆಯ ಶೀರ್ಷಿಕೆಗೆ ಮಾತ್ರ ಪದ ಸಿಕ್ಕಿಲ್ಲ.