ಹಳೆ ಕಂಪ್ಯೂಟರಿನ ಐಸಿ ಕಾಲಿಗೆ ಕಿಲುಬು: ಗುಂಪಿನ ಪ್ರಶ್ನೋತ್ತರ

(ಉತ್ತರ ಕೊಡುವವರು ಬೆಂಗಳೂರಿನಲ್ಲಿ ಬೋರ್ಡ್ ರಿಪೇರಿ ಮಾಡುವ ಟೆಕ್ನಿಷಿಯನ್. ಉಳಿದವರ ಹೆಸರಿನ ಬದಲು ಅವರ ಊರು ಹಾಕಿದೆ. ಐಸಿ ಅಂದರೆ ಬೋರ್ಡಿನ ಮೇಲಿನ ಚಿಪ್; ಅದರ ಲೋಹದ ಪಿನ್ನುಗಳೇ ಕಾಲು.)

ಹಾಸನ: ನಮಸ್ಕಾರ ಸರ್. ನಮ್ಮ ಶಾಲೆಯ ಸ್ಟೋರ್ ರೂಮಿನಲ್ಲಿ ಬಿಬಿಸಿ ಮೈಕ್ರೋ ಕಂಪ್ಯೂಟರ್ ಸಿಕ್ಕಿದೆ. 1984ರಲ್ಲಿ ಶುರುವಾದ, ಶಾಲೆಗಳಿಗೆ ಕಂಪ್ಯೂಟರ್ ಕೊಡುವ ಕ್ಲಾಸ್ ಯೋಜನೆಯಲ್ಲಿ ಬಂದಿದ್ದು. ಪ್ರೊಸೆಸರ್ ಮತ್ತು ರೋಮ್ (ಪ್ರೋಗ್ರಾಂ ಇರುವ) ಐಸಿಗಳ ಕಾಲು ಕಪ್ಪಗಾಗಿವೆ. ಒಂದೆರಡು ಕಾಲಿನ ಬುಡದಲ್ಲಿ ಕಂದು ಪುಡಿ ಇದೆ. ಒಮ್ಮೆ ಆನ್ ಮಾಡಿ ನೋಡಲಾ?

ರಿಪೇರಿಯವರು: ಬೇಡ. ದಯವಿಟ್ಟು ಪ್ಲಗ್ ಹಾಕಬೇಡಿ. ಇವುಗಳ ಪವರ್ ಸಪ್ಲೈಯಲ್ಲಿ ಕರೆಂಟ್ ಒಳಗೆ ಬರುವ ಕಡೆ ಕಾಗದದ ಕೆಪಾಸಿಟರ್ ಅನ್ನುವ ಸಣ್ಣ ಬಿಡಿಭಾಗ ಇರುತ್ತದೆ. ಹಳತಾದಾಗ ಬಿರುಕು ಬಿಟ್ಟು ತೇವ ಎಳೆದುಕೊಂಡಿರುತ್ತದೆ. ಆನ್ ಮಾಡಿದರೆ ಒಡೆದು ರೂಮೆಲ್ಲ ಹೊಗೆ. ಮೊದಲು ಅದನ್ನು ಬದಲಾಯಿಸಿಸಿ.

ಇನ್ನು ಕಾಲುಗಳು. ಬರೀ ಕಪ್ಪಾಗಿದ್ದರೆ ಹೆದರಬೇಡಿ. ಆಗಿನ ಎಷ್ಟೋ ಐಸಿಗಳ ಕಾಲಿಗೆ ಬೆಳ್ಳಿ ಲೇಪ ಇತ್ತು. ಗಾಳಿಯ ಗಂಧಕದಿಂದ ದೇವರ ಮನೆಯ ಬೆಳ್ಳಿ ದೀಪ ಕಪ್ಪಾಗುತ್ತಲ್ಲ, ಇದೂ ಹಾಗೇ. ನನಗೆ ಚಿಂತೆ ಆ ಕಂದು ಪುಡಿಯದು. ಲೇಪ ಹೋಗಿ ಒಳಗಿನ ಕಬ್ಬಿಣ-ನಿಕಲ್ ಲೋಹಕ್ಕೆ ತುಕ್ಕು ಹಿಡಿದಿದೆ. ಅಂಥ ಕಾಲು ಬುಡದಲ್ಲೇ ಮುರಿಯುತ್ತದೆ.

ಐಸಿಯ ಕಚ್ಚು (ಒಂದು ತುದಿಯಲ್ಲಿರುವ ಸಣ್ಣ ಗುರುತು) ಯಾವ ಕಡೆ ಇದೆ ಅಂತ ಮೊದಲು ಫೋಟೋ ತೆಗೆದುಕೊಳ್ಳಿ. ಮೈಯ ಸ್ಥಿರ ವಿದ್ಯುತ್ ಐಸಿಗೆ ತಗಲದ ಹಾಗೆ ಕೈಗೆ ಅರ್ತ್ ಪಟ್ಟಿ ಕಟ್ಟಿ. ಚಪ್ಪಟೆ ಸ್ಕ್ರೂಡ್ರೈವರಿನಿಂದ ಈ ತುದಿ ಒಂದಿಷ್ಟು, ಆ ತುದಿ ಒಂದಿಷ್ಟು ಎತ್ತಿ. ಒಂದೇ ಕಡೆಯಿಂದ ಎಬ್ಬಿಸಿದರೆ ಕಾಲು ಬಾಗುತ್ತವೆ. 99% ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಮೆತ್ತನೆ ಬ್ರಷ್ ಅದ್ದಿ ಬುಡದಿಂದ ತುದಿಗೆ ಉಜ್ಜಿ. ಕಪ್ಪು ಪೂರ್ತಿ ಹೋಗಬೇಕಿಲ್ಲ, ಸಾಕೆಟ್ (ಐಸಿ ಕೂರುವ ಗೂಡು) ಹಿಡಿಯುವ ಜಾಗ ಹೊಳೆದರೆ ಸಾಕು. ತೆಗೆದ ಐಸಿಯನ್ನು ಹಳೇ ಕಪ್ಪು ಫೋಮಿಗೆ ಚುಚ್ಚಿಡಬೇಡಿ. ಆ ಫೋಮ್ ಕೊಳೆತು ಕಾಲನ್ನೇ ತಿನ್ನುತ್ತದೆ.

ಧಾರವಾಡ: 386 ಅನ್ನೋ ಹಳೇ ಕಂಪ್ಯೂಟರಿನ ಬೋರ್ಡಿನ ಬ್ಯಾಟರಿ ಸೋರಿ ಸುತ್ತ ಹಸಿರು ಕಟ್ಟಿದೆ ಸರ್.

ರಿಪೇರಿಯವರು: ಅದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿ, ಸೋರುವುದು ಕ್ಷಾರ. ಗ್ಲೌಸ್ ಹಾಕಿಕೊಳ್ಳಿ. ಮೊದಲು ಬ್ಯಾಟರಿ ಕತ್ತರಿಸಿ ತೆಗೆಯಿರಿ. ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಹತ್ತಿ ಕಡ್ಡಿಯಲ್ಲಿ ಹಚ್ಚಿ. ಆಮೇಲೆ ಡಿಸ್ಟಿಲ್ಡ್ ನೀರು, ಕೊನೆಗೆ ಆಲ್ಕೋಹಾಲ್. ಪೂರ್ತಿ ಒಣಗಿಸಿ.

ಮಂಡ್ಯ: ಫಾರ್ವರ್ಡ್ ಬಂದಿದೆ. ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದರೆ ಐಸಿ ಕಾಲು ಫಳಫಳ ಅನ್ನುತ್ತಂತೆ. ಹೇಗೂ ತಾಮ್ರದ ಬಿಂದಿಗೆ ಹಾಗೇ ತೊಳೀತೀವಲ್ಲ?

ರಿಪೇರಿಯವರು: ಬಿಂದಿಗೆಯನ್ನು ಆಮೇಲೆ ನೀರಲ್ಲಿ ಜಾಲಿಸುತ್ತೀರಿ. ಐಸಿ ಮತ್ತು ಕಾಲಿನ ಸಂದಿಗೆ ಹೋದ ಉಪ್ಪು ಹೊರಗೆ ಬರಲ್ಲ. ಒಳಗೇ ಕೂತು ಲೋಹ ತಿನ್ನುತ್ತದೆ. ಮಾಡಬೇಡಿ, ಯಾರಿಗೂ ಕಳಿಸಲೂ ಬೇಡಿ.

ಮಂಡ್ಯ: ವಿನೆಗರ್ ಹುಳಿ ಅಲ್ವಾ? ಹುಣಸೆನೂ ಹುಳಿನೇ.

ರಿಪೇರಿಯವರು: ಅಲ್ಲಿ ಕ್ಷಾರವನ್ನು ಕೊಲ್ಲಬೇಕು, ಅದಕ್ಕೆ ಹುಳಿ. ಇಲ್ಲಿ ಕ್ಷಾರವೇ ಇಲ್ಲ.

ಉಡುಪಿ: ಸರ್, 386ರ ಬ್ಯಾಟರಿ ಸೋರಿದೆ, ಏನು ಮಾಡಲಿ?

ರಿಪೇರಿಯವರು: ಧಾರವಾಡದವರಿಗೆ ಬರೆದಿದ್ದೇನೆ. ಓದಿ.

ತುಮಕೂರು: ನನ್ನ ಹತ್ತಿರ ಸ್ಪೆಕ್ಟ್ರಮ್ ಅನ್ನೋ ಹಳೇ ಕಂಪ್ಯೂಟರ್ ಇದೆ. ಎಷ್ಟಕ್ಕೆ ಹೋಗಬಹುದು?

ಮೈಸೂರು: ಆಲ್ಕೋಹಾಲ್ ಬದಲು ಸ್ಯಾನಿಟೈಜರ್ ಆಗುತ್ತಾ?

ರಿಪೇರಿಯವರು: ಇಲ್ಲ. ಅದರಲ್ಲಿ ನೀರು, ಗ್ಲಿಸರಿನ್ ಇರುತ್ತದೆ.

ಬೆಳಗಾವಿ: ಇಷ್ಟೆಲ್ಲ ಯಾಕೆ? ಹಳೇ ಸಾಕೆಟ್ ಎಲ್ಲ ಕಿತ್ತು ಹೊಸದು ಹಾಕಿ.

ಮಂಡ್ಯ: ಹಾಗಾದರೆ ಹಳೇ ಮೆಷಿನ್ ಅಂತ ಏನು ಉಳೀತು? ಕೀಳೋದು ಸುಲಭ.

ಬೆಳಗಾವಿ: ಹುಣಸೆಹಣ್ಣು ತಿಕ್ಕೋರು ನಮಗೆ ಪಾಠ ಹೇಳೋದು ಬೇಡ.

ಮಂಡ್ಯ: ಮರ್ಯಾದೆಯಿಂದ ಮಾತಾಡಿ.

ರಿಪೇರಿಯವರು: ಇಬ್ಬರೂ ಬೇರೆ ಕಡೆ ಜಗಳ ಆಡಿ. ಹಿಡಿತ ಸಡಿಲಾದ ಸಾಕೆಟ್ ಮಾತ್ರ ಬದಲಾಯಿಸಿ. ಸುಮ್ನೆ ಎಲ್ಲ ಕಿತ್ತರೆ ಬೋರ್ಡಿನ ತಾಮ್ರದ ಗೆರೆಯೂ ಎದ್ದು ಬರುತ್ತದೆ.

ರಾಯಚೂರು: ಗಾಜಿನ ಕಿಟಕಿ ಇರುವ ರೋಮಿನ ಸ್ಟಿಕ್ಕರ್ ತೆಗೆದು ಒರೆಸಲಾ?

ರಿಪೇರಿಯವರು: ತೆಗೆಯಬೇಡಿ. ಸ್ಟಿಕ್ಕರ್ ಇಲ್ಲದೆ ಬಿಸಿಲಿಗೆ ಇಟ್ಟರೆ ಒಳಗಿನ ಪ್ರೋಗ್ರಾಂ ಅಳಿಸಿಹೋಗುತ್ತದೆ.

ಹಾಸನ: ಸರ್... ಪ್ರೊಸೆಸರ್ ತೆಗೆಯುವಾಗ ಒಂದು ಕಾಲು ಮುರಿಯಿತು. ತುಂಬ ಹುಷಾರಾಗಿದ್ದೆ.

ರಿಪೇರಿಯವರು: ನಿಮ್ಮ ತಪ್ಪಲ್ಲ, ಆ ಕಾಲು ಆಗಲೇ ಸತ್ತಿತ್ತು. ಐಸಿ ಎಸೆಯಬೇಡಿ. ಮುರಿದ ಜಾಗದಲ್ಲಿ ಲೋಹ ಸ್ವಲ್ಪ ಕಾಣುತ್ತಿದ್ದರೆ ಸಣ್ಣ ತಂತಿ ಬೆಸುಗೆ ಹಾಕಬಹುದು. ಕಾಣದಿದ್ದರೆ ಪ್ಲಾಸ್ಟಿಕ್ ಅನ್ನು ಕೂದಲೆಳೆಯಷ್ಟು ಅರದಿಂದ ಉಜ್ಜಬೇಕು. ಅದನ್ನು ನೀವು ಮಾಡಬೇಡಿ. ಕಚ್ಚು ಮೇಲೆ ಬರುವ ಹಾಗೆ ಹಿಡಿದು, ಎಡಗಡೆ ಮೇಲಿನಿಂದ ಎಷ್ಟನೇ ಕಾಲು ಅಂತ ಎಣಿಸಿ ಹೇಳಿ.